ರೆಡಿಂಗ್‌ನಲ್ಲಿ ಮನೆ, ಸೊಲೆಂಟ್‌ನಲ್ಲಿ ದೋಣಿ: ಯಾವ ಮರೀನಾದಲ್ಲಿ ಬರ್ತ್ ಹಿಡಿಯುವುದು?

ಹೊಸಹಾಯಿ

ಎಲ್ಲರಿಗೂ ನಮಸ್ಕಾರ.

32 ಅಡಿಯ ವೆಸ್ಟರ್ಲಿ ಫುಲ್ಮಾರ್ ಹಾಯಿದೋಣಿಯೊಂದರ ವ್ಯಾಪಾರ ಹೆಚ್ಚುಕಡಿಮೆ ಕುದುರಿದೆ. ಸರ್ವೇ ಸರಿಯಾಗಿ ಬಂದರೆ ಮಾರ್ಚ್ ಹೊತ್ತಿಗೆ ಕೈಗೆ ಸಿಗುತ್ತದೆ. ಅಷ್ಟರೊಳಗೆ ಯಾವುದಾದರೂ ಮರೀನಾದಲ್ಲಿ (ದೋಣಿಗಳನ್ನು ನಿಲ್ಲಿಸುವ ಖಾಸಗಿ ಬಂದರು) ಅದಕ್ಕೊಂದು ಬರ್ತ್, ಅಂದರೆ ಕಟ್ಟುವ ಜಾಗ, ಗೊತ್ತುಮಾಡಿಕೊಳ್ಳಬೇಕು.

ವಿವರ ಇಷ್ಟು: ಫಿನ್ ಕೀಲ್ (ತಳದಿಂದ ಕೆಳಗೆ ಚಾಚಿದ ಭಾರದ ರೆಕ್ಕೆ), ನೀರೊಳಗೆ 1.6 ಮೀಟರ್ ಇಳಿಯುತ್ತದೆ. ಕರಪತ್ರದಲ್ಲಿ ಉದ್ದ 9.75 ಮೀಟರ್. ಒಂದು ಡೀಸೆಲ್ ಎಂಜಿನ್, ಬೋ ಥ್ರಸ್ಟರ್ (ಮೂತಿಯನ್ನು ಪಕ್ಕಕ್ಕೆ ತಳ್ಳುವ ಸಣ್ಣ ಪ್ರೊಪೆಲರ್) ಇಲ್ಲ. ಮನೆ ರೆಡಿಂಗ್‌ನಲ್ಲಿ. ದೋಣಿಯಲ್ಲಿ ಇರುವವರು ನಾವಿಬ್ಬರು, 7 ಮತ್ತು 10 ವರ್ಷದ ಇಬ್ಬರು ಮಕ್ಕಳು. ಶುಕ್ರವಾರ ಸಂಜೆ ಕೆಲಸ ಮುಗಿಸಿ ಹೊರಟು, ಭಾನುವಾರ ರಾತ್ರಿ ಮಕ್ಕಳು ಮಲಗುವ ಹೊತ್ತಿಗೆ ಮನೆ ಸೇರಬೇಕು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೆ ಮೂರು ವಾರಾಂತ್ಯವಾದರೂ ಹೋಗುವ ಯೋಚನೆ.

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸೊಲೆಂಟ್ ಜಲಸಂಧಿಯ ಸುತ್ತ ಪಟ್ಟಿಯಲ್ಲಿರುವುದು: ಹ್ಯಾಂಬಲ್ ನದಿಯ ಮರೀನಾಗಳು, ಪೋರ್ಟ್ಸ್‌ಮತ್ ಬಂದರಿನ ತಲೆಯಲ್ಲಿರುವ ಪೋರ್ಟ್ ಸೊಲೆಂಟ್, ಅದೇ ಬಂದರಿನ ಬಾಯಲ್ಲಿರುವ ಗಾಸ್ಪೋರ್ಟ್ ಕಡೆಯವು, ಚಿಚೆಸ್ಟರ್ ಮರೀನಾ. ಹ್ಯಾಂಬಲ್ ದುಬಾರಿ ಎಂದು ಎಲ್ಲರೂ ಹೇಳುತ್ತಾರೆ. ಅದಕ್ಕೇ ಪೂರ್ವ ಕರಾವಳಿಯ ಇಪ್ಸ್‌ವಿಚ್ ಬಳಿಯ ಅಗ್ಗದ ಬರ್ತ್‌ಗಳನ್ನೂ ನೋಡುತ್ತಿದ್ದೇನೆ. ಮೀಟರ್ ದರ ಬಿಟ್ಟು ಬೇರೆ ಯಾವುದರ ಮೇಲೆ ಹೋಲಿಸಬೇಕು, ಹೇಳುತ್ತೀರಾ?

ತೆಂಕಗಾಳಿ

ಮೈಲಿಯನ್ನು ಬದಿಗಿಡಿ, ಗಂಟೆ ಲೆಕ್ಕ ಹಾಕಿ. ಮನೆಯ ಬೀಗ ಹಾಕಿದ ಕ್ಷಣದಿಂದ ಹಾಯಿ ಬಿಚ್ಚಿ ಎಂಜಿನ್ ನಿಲ್ಲಿಸುವ ಕ್ಷಣದವರೆಗೆ ಎಷ್ಟು ಹೊತ್ತು ಎಂಬುದೇ ನಿಜವಾದ ದೂರ. ಅದರಲ್ಲಿ ನಾಲ್ಕು ತುಂಡುಗಳಿವೆ: ರಸ್ತೆ, ಕಾರಿನಿಂದ ಪಾಂಟೂನ್‌ಗೆ (ದೋಣಿ ಕಟ್ಟುವ ತೇಲುವ ಕಟ್ಟೆ) ಸಾಮಾನು ಹೊರುವುದು, ಲಾಕ್ (ನೀರಿನ ಮಟ್ಟ ಸರಿಹೊಂದಿಸುವ ಗೇಟುಗಳ ಕಾಲುವೆ) ಇದ್ದರೆ ಅಲ್ಲಿ ಕಾಯುವುದು, ಕೊನೆಗೆ ತೆರೆದ ನೀರಿನವರೆಗೆ ಎಂಜಿನ್‌ನಲ್ಲಿ ಹೋಗುವುದು. ಮರೀನಾ ಹುಡುಕುವವರು ಮೊದಲನೆಯದನ್ನು ಮಾತ್ರ ನೋಡುತ್ತಾರೆ.

ರೆಡಿಂಗ್‌ನಿಂದ ಎ33 ಹಿಡಿದು ಬೇಸಿಂಗ್‌ಸ್ಟೋಕ್, ಅಲ್ಲಿಂದ ಎಂ3, ಆಮೇಲೆ ಎಂ27. ಹ್ಯಾಂಬಲ್ 50 ಮೈಲಿನ ಆಸುಪಾಸು. ರಸ್ತೆ ಖಾಲಿಯಿದ್ದರೆ ಒಂದು ಗಂಟೆ, ಒಂದೂಕಾಲು ಗಂಟೆ. ನಿಮ್ಮ ಪಟ್ಟಿಯ ಬೇರೆ ಸೊಲೆಂಟ್ ಮರೀನಾಗಳೂ ಎಂ27 ಅಥವಾ ಅದರ ಮುಂದುವರಿಕೆಯ ಮೇಲೇ ಇವೆ. ಆದ್ದರಿಂದ ಮೋಟರ್‌ವೇ ಭಾಗದಲ್ಲಿ ದೊಡ್ಡ ವ್ಯತ್ಯಾಸ ಬರುವುದಿಲ್ಲ. ಬರುವುದು ಕೊನೆಯ ಐದು ಮೈಲಿಯಲ್ಲಿ.

ಹ್ಯಾಂಬಲ್ ಪಾಯಿಂಟ್ ಮತ್ತು ಪೋರ್ಟ್ ಹ್ಯಾಂಬಲ್‌ಗೆ ಹೋಗಬೇಕಾದರೆ ಜಂಕ್ಷನ್ 8ರಲ್ಲಿ ಇಳಿದು ಹ್ಯಾಂಬಲ್ ಲೇನ್ ಎಂಬ ಒಂದೇ ರಸ್ತೆಯಲ್ಲಿ ಸಾಗಬೇಕು. ಶುಕ್ರವಾರ ಸಂಜೆ ಅದು ಬಸವನಹುಳುವಿನ ಓಟ. ಅದೇ ನದಿಯ ಮೇಲ್ಭಾಗದ ಸ್ವಾನ್‌ವಿಕ್ ಮತ್ತು ಯೂನಿವರ್ಸಲ್ ಮರೀನಾಗಳು ಎದುರು ದಡದಲ್ಲಿ, ಮೋಟರ್‌ವೇಗೆ ಹತ್ತಿರ ಇವೆ. ರಸ್ತೆಯಲ್ಲಿ ಉಳಿಸಿದ ಹೊತ್ತನ್ನು ಮಾತ್ರ ನದಿಯಲ್ಲಿ ಕೊಡಬೇಕಾಗುತ್ತದೆ. ನದಿಯಲ್ಲಿ ವೇಗದ ಮಿತಿ 6 ನಾಟ್. ಸ್ವಾನ್‌ವಿಕ್‌ನಿಂದ ನದಿಯ ಬಾಯಿಗೆ ಅರ್ಧ ಗಂಟೆಗಿಂತ ಕಡಿಮೆ ಎಣಿಸಬೇಡಿ. ಹ್ಯಾಂಬಲ್ ಪಾಯಿಂಟ್‌ನಿಂದಾದರೆ ಹತ್ತು ನಿಮಿಷ.

ಗಾಸ್ಪೋರ್ಟ್ ಊರಿಗೆ ರೈಲು ನಿಲ್ದಾಣವೇ ಇಲ್ಲ. ಕಾರಿನಲ್ಲಿ ಫೇರ್‌ಹ್ಯಾಮ್‌ನಿಂದ ಎ32 ಹಿಡಿಯಬೇಕು, ಸಂಜೆ ಅದೂ ಕಟ್ಟಿಕೊಳ್ಳುತ್ತದೆ. ಆದರೆ ಪೋರ್ಟ್ಸ್‌ಮತ್ ಹಾರ್ಬರ್ ನಿಲ್ದಾಣದ ಪಕ್ಕದಿಂದಲೇ ಫೆರಿ ಇದೆ, ಐದು ನಿಮಿಷದೊಳಗೆ ಆಚೆ ದಡ. ಗಾಸ್ಪೋರ್ಟ್ ಮತ್ತು ಹ್ಯಾಸ್ಲರ್ ಮರೀನಾ ಎರಡೂ ಅಲ್ಲಿಂದ ನಡೆಯುವ ದೂರ. ಒಬ್ಬರು ಕಾರಿನಲ್ಲಿ ಮಕ್ಕಳನ್ನು ಕರೆತಂದು ಇನ್ನೊಬ್ಬರು ಆಫೀಸಿನಿಂದಲೇ ರೈಲಿನಲ್ಲಿ ಬರುವ ಮನೆಯಾದರೆ ಇದು ದೊಡ್ಡ ಅನುಕೂಲ.

ಪೋರ್ಟ್ ಸೊಲೆಂಟ್‌ಗೆ ರಸ್ತೆ ಎಲ್ಲಕ್ಕಿಂತ ಸಲೀಸು, ಎಂ27ರ ಜಂಕ್ಷನ್ 12ರ ಬುಡದಲ್ಲೇ ಇದೆ. ಆದರೆ ಲಾಕ್ ದಾಟಿ, ಇಡೀ ಬಂದರಿನ ಉದ್ದಕ್ಕೂ ಇಳಿದು ಬಾಯಿ ತಲುಪುವುದಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಚಿಚೆಸ್ಟರ್ ಮರೀನಾದಿಂದಲೂ ಹಾಗೇ: ಲಾಕ್, ಆಮೇಲೆ 5 ನಾಟಿಕಲ್ ಮೈಲಿನಷ್ಟು ಒಳನೀರು. ಅಲ್ಲಿಂದ ಆಚೆ ದಡದ ಐಲ್ ಆಫ್ ವೈಟ್ ದ್ವೀಪದ ಕೌಸ್‌ಗೆ ಹೋಗಬೇಕೆಂದರೆ ಇನ್ನೂ ಮೂರು ಗಂಟೆ. ಹ್ಯಾಂಬಲ್ ಬಾಯಿಂದ ಕೌಸ್‌ಗೆ ಒಂದು ಗಂಟೆ ಚಿಲ್ಲರೆ.

ಇಪ್ಸ್‌ವಿಚ್ ವಿಚಾರ: ರೆಡಿಂಗ್‌ನಿಂದ 120 ಮೈಲು ಮೇಲೆ, ಲಂಡನ್ ಸುತ್ತಿಕೊಂಡು ಎಂ25ನಲ್ಲೇ. ಶುಕ್ರವಾರ ಸಂಜೆ ಆ ರಸ್ತೆಯ ಲೆಕ್ಕ ಯಾರೂ ಮುಂಚಿತವಾಗಿ ಹೇಳಲಾರರು. ಆರ್ವೆಲ್ ನದಿ ಬಹಳ ಚೆಲುವಾದದ್ದು, ಕೇಂಬ್ರಿಜ್ ಕಡೆ ಮನೆಯಿದ್ದವರಿಗೆ ನಾನು ಅದನ್ನೇ ಹೇಳುತ್ತೇನೆ. ರೆಡಿಂಗ್‌ನವರಿಗೆ ಅಲ್ಲ.

ಅಳಿವೆಬಾಗಿಲು

ತೆಂಕಗಾಳಿಯವರ ಗಂಟೆ ಲೆಕ್ಕಕ್ಕೆ ನೀರಿನ ಗಡಿಯಾರವನ್ನೂ ಸೇರಿಸಿ. ಮಂಗಳೂರಿನ ಕಡೆ ಉಬ್ಬರವಿಳಿತದ ಅಂತರ ಒಂದೂವರೆ ಮೀಟರ್ ಆಸುಪಾಸು. ಇಲ್ಲಿ ಪೋರ್ಟ್ಸ್‌ಮತ್‌ನಲ್ಲಿ ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಉಬ್ಬರದಲ್ಲಿ ನೀರು 4.7 ಮೀಟರ್‌ವರೆಗೆ ಏರಿ 0.8ಕ್ಕೆ ಇಳಿಯುತ್ತದೆ. ಅಷ್ಟಮಿಯ ಸಣ್ಣ ಉಬ್ಬರದಲ್ಲಿ 3.8ರಿಂದ 1.9. ಇವು ಸರಾಸರಿ ಅಂಕಿಗಳು, ಚಾರ್ಟ್ ಡೇಟಮ್ (ನಕಾಶೆಯಲ್ಲಿ ಆಳ ಅಳೆಯುವ ಆಧಾರಮಟ್ಟ) ಮೇಲಿನ ಎತ್ತರಗಳು. ತಿಥಿ ಕಳೆದ ಒಂದೆರಡು ದಿನಕ್ಕೆ ಪರಿಣಾಮ ಹೆಚ್ಚು ಎನ್ನುವುದು ಊರಿನಲ್ಲಿದ್ದಂತೆ ಇಲ್ಲಿಯೂ ನಿಜ.

ಈಗ ಒಂದು ಮರೀನಾದ ಪ್ರವೇಶ ಕಾಲುವೆಯನ್ನು ಡೇಟಮ್‌ಗಿಂತ 0.5 ಮೀಟರ್ ಕೆಳಗೆ ಹೂಳೆತ್ತಿದ್ದಾರೆ ಎಂದಿಟ್ಟುಕೊಳ್ಳಿ. ನಿಮ್ಮ ದೋಣಿ 1.6 ಮೀಟರ್, ಕೀಲ್ ಕೆಳಗೆ 0.4 ಮೀಟರ್ ಅಂತರ, ಒಟ್ಟು 2.0 ಮೀಟರ್ ನೀರು ಬೇಕು. 0.5 ಕಾಲುವೆಯಲ್ಲೇ ಇದೆ. ಉಳಿದ 1.5 ಮೀಟರನ್ನು ಉಬ್ಬರ ಕೊಡಬೇಕು. ಅಷ್ಟಮಿಯ ವಾರ ತೀರ ಇಳಿದಾಗಲೂ 1.9 ಇರುತ್ತದೆ, ದಿನವಿಡೀ ಓಡಾಡಬಹುದು. ಅಮಾವಾಸ್ಯೆಯ ವಾರ 0.8ಕ್ಕೆ ಇಳಿಯುವುದರಿಂದ ಇಳಿತದ ಆಚೀಚೆ ಸೇರಿ ಸುಮಾರು ಮೂರು ಗಂಟೆ ದಾರಿ ಬಂದ್.

ಮೂರು ಗಂಟೆ ತಾನೇ ಅನ್ನಿಸಬಹುದು. ಆದರೆ ಅದು ಯಾವ ಮೂರು ಗಂಟೆ ಎಂಬುದನ್ನು ನೋಡಿ. ಒಂದು ಊರಿನಲ್ಲಿ ದೊಡ್ಡ ಉಬ್ಬರ ಯಾವಾಗಲೂ ಹೆಚ್ಚುಕಡಿಮೆ ಅದೇ ಗಡಿಯಾರದ ಹೊತ್ತಿಗೆ ಬರುತ್ತದೆ. ಪೋರ್ಟ್ಸ್‌ಮತ್‌ನಲ್ಲಿ ಅದು ನಡುಹಗಲು ಮತ್ತು ನಡುರಾತ್ರಿ. ಬೇಸಿಗೆ ಗಡಿಯಾರದಲ್ಲಿ ಮಧ್ಯಾಹ್ನ ಒಂದರ ಸುತ್ತ. ಇಲ್ಲಿ ಏರುವುದಕ್ಕೆ ಸುಮಾರು ಏಳು ಗಂಟೆ, ಇಳಿಯುವುದಕ್ಕೆ ಐದೇ. ಅಂದರೆ ನೀರು ತಳ ಮುಟ್ಟುವುದು ಸಂಜೆ ಆರರ ಆಸುಪಾಸು. ಭಾನುವಾರ ಸಂಜೆ ನಾಲ್ಕೂವರೆಯಿಂದ ಏಳೂವರೆ: ಎಲ್ಲರೂ ವಾಪಸು ಬರುವ ಹೊತ್ತು ಅದೇ. ಎರಡು ವಾರಕ್ಕೊಮ್ಮೆ ಇದು ಬಂದೇ ಬರುತ್ತದೆ. ಒಂದೋ ನೀವು ಭಾನುವಾರ ಮಧ್ಯಾಹ್ನವೇ ಒಳಗೆ ಬರಬೇಕು, ಇಲ್ಲವೇ ರಾತ್ರಿ ಎಂಟಕ್ಕೆ ಹಗ್ಗ ಕಟ್ಟಿ ಹತ್ತೂವರೆಗೆ ಮನೆ ಸೇರಬೇಕು. ಮಕ್ಕಳಿಗೆ ಸೋಮವಾರ ಶಾಲೆ. ಹಾಗಾಗಿ ಎಲ್ಲ ಹೊತ್ತಿನಲ್ಲೂ ಪ್ರವೇಶ ಎನ್ನುವ ಮಾತಿಗೆ ನಿಮ್ಮ 1.6 ಮೀಟರ್ ಇಟ್ಟುಕೊಂಡು ಮರೀನಾ ಕಚೇರಿಯಲ್ಲಿ ಉತ್ತರ ಕೇಳಿ. ಲಾಕ್ 24 ಗಂಟೆ ನಡೆಯುತ್ತದೆ ಎಂದ ಮಾತ್ರಕ್ಕೆ ಲಾಕ್‌ಗೆ ಹೋಗುವ ಕಾಲುವೆಯಲ್ಲಿ 24 ಗಂಟೆ ನೀರಿರುತ್ತದೆ ಎಂದಲ್ಲ.

ಇನ್ನೆರಡು ಮಾತು. ನೀರಿನ ಏರಿಳಿತವನ್ನು ಹನ್ನೆರಡು ಭಾಗ ಮಾಡಿ ಆರು ಗಂಟೆಗೆ ಹಂಚಿ ಅಂದಾಜಿಸುವ ಸೂತ್ರವನ್ನು ಸೊಲೆಂಟ್‌ನಲ್ಲಿ ನಂಬಬೇಡಿ. ಸೌತ್‌ಹ್ಯಾಂಪ್ಟನ್‌ನಲ್ಲಿ ಉಬ್ಬರ ಎರಡು ಬಾರಿ ತಲೆಯೆತ್ತುತ್ತದೆ, ಆಮೇಲೆ ನೀರು ಒಮ್ಮೆಲೇ ಜಾರುತ್ತದೆ. ಪ್ರಕಟಿತ ಉಬ್ಬರವಿಳಿತದ ವಕ್ರರೇಖೆಯನ್ನೇ ಬಳಸಿ. ಎರಡನೆಯದು ವಾಯುಭಾರ. 1013ಕ್ಕಿಂತ ಒಂದೊಂದು ಮಿಲಿಬಾರ್ ಹೆಚ್ಚಾದಾಗ ನೀರು ಸುಮಾರು ಒಂದೊಂದು ಸೆಂಟಿಮೀಟರ್ ಕೆಳಗಿರುತ್ತದೆ. 1035ರ ಚೆಂದದ ಬಿಸಿಲ ದಿನ ನಿಮ್ಮ 0.4 ಮೀಟರ್ ಅಂತರದಲ್ಲಿ ಅರ್ಧದಷ್ಟು ಅಲ್ಲೇ ಹೋಯಿತು.

ಚಿಚೆಸ್ಟರ್ ಬಗ್ಗೆ ಒಂದು ಎಚ್ಚರಿಕೆ. ಬಂದರಿನ ಬಾಯಲ್ಲಿ ಮರಳಿನ ದಿಬ್ಬವಿದೆ. ಗಂಗೊಳ್ಳಿಯ ಅಳಿವೆಯನ್ನು ನೋಡಿದವರಿಗೆ ಬೇರೆ ವಿವರಣೆ ಬೇಡ: ದಕ್ಷಿಣದಿಂದ ಜೋರು ಗಾಳಿ, ಒಳಗಿಂದ ರಭಸದ ಇಳಿತ, ಎರಡೂ ಎದುರಾದಾಗ ಅಲೆ ಕಡಿದಾಗಿ ಎದ್ದು ಅಲ್ಲಿಯೇ ಒಡೆಯುತ್ತದೆ. ಆ ಹೊತ್ತಿನಲ್ಲಿ ದಾಟಲೇಬಾರದು. ಹೊರಗಿದ್ದರೆ ಪೋರ್ಟ್ಸ್‌ಮತ್‌ಗೆ ಹೋಗಿ ಒಂದು ರಾತ್ರಿ ಅಲ್ಲಿರಬೇಕು, ಕಾರು ಚಿಚೆಸ್ಟರ್‌ನಲ್ಲೇ ಉಳಿಯುತ್ತದೆ. ಹಾಗೆಂದು ಆ ಬಂದರನ್ನು ತೆಗೆದುಹಾಕುತ್ತಿಲ್ಲ. ಮಕ್ಕಳಿಗೆ ಒಳನೀರಿನಲ್ಲಿ ಹಾಯಿ ಕಲಿಸುವುದಕ್ಕೆ ಸೊಲೆಂಟ್ ಸುತ್ತಮುತ್ತ ಅದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಹೊರಗೆ ಗಾಳಿ ಜೋರಿದ್ದ ದಿನವೂ ಒಳಗೆ ಇಡೀ ದಿನ ಕಳೆಯಬಹುದು.

ಹೊಸಹಾಯಿ

ಬಹಳ ಉಪಕಾರವಾಯಿತು. ಭಾನುವಾರ ಸಂಜೆಯ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ಹ್ಯಾಂಬಲ್ ಅಥವಾ ಗಾಸ್ಪೋರ್ಟ್ ಕಡೆ ಮನಸ್ಸು ವಾಲುತ್ತಿದೆ. ಮರೀನಾ ಒಂದೇ ಆದರೂ ಒಳಗೆ ಬರ್ತ್‌ನಿಂದ ಬರ್ತ್‌ಗೆ ವ್ಯತ್ಯಾಸ ಇರುತ್ತದೆಯೇ? ಕಚೇರಿಯವರು ಎರಡು ಮೂರು ಜಾಗ ತೋರಿಸುತ್ತೇವೆ ಎಂದಿದ್ದಾರೆ. ಏನು ನೋಡಲಿ?

ಪಾಂಟೂನ್ ಪದ್ಮಾ

ವ್ಯತ್ಯಾಸ ಬಹಳ ಇರುತ್ತದೆ ಸರ್. ಥ್ರಸ್ಟರ್ ಇಲ್ಲದ ದೋಣಿಗೆ ಮರೀನಾದ ಹೆಸರಿಗಿಂತ ಬರ್ತ್ ಸಂಖ್ಯೆ ಮುಖ್ಯ.

ಮೊದಲು ಅಡ್ಡ ಸೆಳವು. ಹ್ಯಾಂಬಲ್‌ನಲ್ಲಿ ಹೊರಸಾಲಿನ ಬರ್ತ್‌ಗಳ ಮೂಲಕ ನದಿಯ ಇಳಿತ ನೇರ ಹರಿಯುತ್ತದೆ. ಒಂದು ನಾಟ್ ಸೆಳವೆಂದರೆ ಸೆಕೆಂಡಿಗೆ ಅರ್ಧ ಮೀಟರ್. ಸಾಲಿಗೆ ತಿರುಗಿ ಬರ್ತ್‌ಗೆ ನುಗ್ಗುವ 20 ಸೆಕೆಂಡಿನಲ್ಲಿ ಅದು ನಿಮ್ಮನ್ನು 10 ಮೀಟರ್, ಎಂದರೆ ಇಡೀ ದೋಣಿಯುದ್ದ, ಪಕ್ಕಕ್ಕೆ ತಳ್ಳಿರುತ್ತದೆ. ದಡದ ಕಡೆಯ ಒಳಸಾಲುಗಳಲ್ಲಿ ಸೆಳವು ಕಡಿಮೆ, ಆದರೆ ಹೂಳು ಹೆಚ್ಚು, ಆಳ ಕೇಳಿ. ಬರ್ತ್ ನೋಡಲು ದೊಡ್ಡ ಉಬ್ಬರದ ದಿನವೇ ಹೋಗಿ, ನೀರು ಏರಿ ಮೂರು ಗಂಟೆ ಕಳೆದ ಮೇಲೆ ಪಾಂಟೂನ್ ಮೇಲೆ ನಿಂತು ಕಂಬಗಳ ಸುತ್ತ ನೀರು ಹೇಗೆ ಸುಳಿಯುತ್ತಿದೆ ನೋಡಿ. ಹಾಗೇ ಎರಡು ಗಂಟೆ ಕಾದರೆ ತೀರ ಇಳಿದಾಗಿನ ಆಳವೂ, ಇಳಿಜಾರು ಸೇತುವೆ ಎಷ್ಟು ಕಡಿದಾಗಿ ನಿಲ್ಲುತ್ತದೆ ಎಂಬುದೂ ಕಾಣುತ್ತದೆ. ನಾಲ್ಕು ಮೀಟರ್ ಇಳಿದ ನೀರಿನ ಮೇಲೆ ತಳ್ಳುಗಾಡಿಯಲ್ಲಿ ಊಟ ತಿಂಡಿ ಹಾಸಿಗೆ ಹೇರಿಕೊಂಡು ಇಳಿಯುವುದು ಮಕ್ಕಳ ಕೈಲಿ ಆಗುವ ಕೆಲಸ ಅಲ್ಲ.

ಎರಡನೆಯದು ಗಾಳಿ. ಇಲ್ಲಿ ಹೆಚ್ಚಾಗಿ ಬೀಸುವುದು ನೈಋತ್ಯದಿಂದ. ಮೂತಿ ನೈಋತ್ಯಕ್ಕಿರುವಂತೆ ನಿಲ್ಲುವ ಬರ್ತ್ ಸಿಕ್ಕರೆ ಒಳಗೆ ಬರುವಾಗ ಗಾಳಿಯೇ ಬ್ರೇಕು, ಮಳೆ ಕಾಕ್‌ಪಿಟ್‌ಗೆ ಹೊಡೆಯುವುದಿಲ್ಲ. ಹಿಂಭಾಗ ನೈಋತ್ಯಕ್ಕಿದ್ದರೆ ಎರಡೂ ತಿರುವುಮುರುವು. ಗಾಳಿ ಪಕ್ಕದಿಂದ ಬಂದು ದೋಣಿಯನ್ನು ಫಿಂಗರ್‌ನಿಂದ (ಪಾಂಟೂನ್‌ನಿಂದ ಬೆರಳಿನಂತೆ ಚಾಚಿದ ಕಿರುಕಟ್ಟೆ) ದೂರ ತಳ್ಳುವ ಬರ್ತ್ ಎಲ್ಲಕ್ಕಿಂತ ಕಷ್ಟ. ಇಬ್ಬರೇ ದೊಡ್ಡವರಿದ್ದಾಗ ಅಂಥದ್ದನ್ನು ಬೇಡ ಎನ್ನಿ.

ಮೂರನೆಯದು ಪ್ರೊಪೆಲರ್ ಎಳೆತ. ಬಹುಪಾಲು ದೋಣಿಗಳದ್ದು ಬಲಸುತ್ತಿನ ಪ್ರೊಪೆಲರ್. ರಿವರ್ಸ್ ಹಾಕಿದರೆ ಹಿಂಭಾಗ ಎಡಕ್ಕೆ ಜಗ್ಗುತ್ತದೆ. ಅಂಥ ದೋಣಿಗೆ ಮೂತಿ ಒಳಗೆ ಮಾಡಿದಾಗ ಫಿಂಗರ್ ಎಡಗಡೆ ಸಿಗುವ ಬರ್ತ್ ಬೇಕು. ನಿಲ್ಲಿಸಲು ರಿವರ್ಸ್ ಕೊಟ್ಟ ಕೂಡಲೇ ದೋಣಿ ತಾನಾಗಿ ಫಿಂಗರ್‌ಗೆ ಒರಗುತ್ತದೆ. ನಿಮ್ಮದು ಯಾವ ಕಡೆ ಎಳೆಯುತ್ತದೆ ಎಂದು ಸರ್ವೇ ದಿನವೇ ತಿಳಿದುಕೊಳ್ಳಬಹುದು. ಹಗ್ಗ ಭದ್ರವಾಗಿ ಕಟ್ಟಿದಂತೆಯೇ ಒಂದು ನಿಮಿಷ ಮೆಲ್ಲಗೆ ರಿವರ್ಸ್ ಓಡಿಸಿ. ಯಾವ ಪಕ್ಕದಿಂದ ನೊರೆನೀರು ಉಕ್ಕುತ್ತದೋ ಅದರ ವಿರುದ್ಧ ದಿಕ್ಕಿಗೆ ಹಿಂಭಾಗ ಹೋಗುತ್ತದೆ.

ಫಿಂಗರ್‌ನ ಉದ್ದ ದೋಣಿಯ ಮುಕ್ಕಾಲು ಭಾಗವಾದರೂ ಇರಲಿ. 6 ಮೀಟರ್ ಫಿಂಗರ್‌ಗೆ 9.75 ಮೀಟರ್ ದೋಣಿ ಕಟ್ಟಿದರೆ ಹಿಂದಿನ ಹಗ್ಗಕ್ಕೆ ಸರಿಯಾದ ಕೋನ ಸಿಗುವುದಿಲ್ಲ. ಹಿಂಭಾಗ ಆಡುತ್ತದೆ, ತುದಿಯ ಮೂಲೆಗೆ ಹಲ್ ಉಜ್ಜುತ್ತದೆ. ಹಗ್ಗ ಕಟ್ಟುವ ಕ್ಲೀಟ್‌ಗಳನ್ನು ಕೈಯಲ್ಲಿ ಅಲುಗಿಸಿ ನೋಡಿ. ತುದಿಯಲ್ಲಿ ನಿಂತು ಭಾರ ಹಾಕಿ, ಫಿಂಗರ್ ಎಷ್ಟು ಮುಳುಗುತ್ತದೆ ಗಮನಿಸಿ. ಹಗ್ಗ ಹಿಡಿದು ಹಾರುವವರು ಕಾಲಿಡುವುದು ಅಲ್ಲಿಯೇ. ಹಗ್ಗ 14 ಮಿಲಿಮೀಟರ್ ಸಾಕು: ಮೂತಿಗೊಂದು, ಹಿಂದಕ್ಕೊಂದು, ಎರಡು ಸ್ಪ್ರಿಂಗ್ (ದೋಣಿ ಹಿಂದೆ ಮುಂದೆ ಸರಿಯದಂತೆ ಓರೆಯಾಗಿ ಕಟ್ಟುವ ಹಗ್ಗ). ಸ್ಪ್ರಿಂಗ್‌ಗಳು ಒಂದೊಂದೂ ದೋಣಿಯುದ್ದ ಇರಲಿ. ಉಜ್ಜುವ ಕಡೆಗಳಲ್ಲಿ ಹಳೆಯ ಮೆದುಗೊಳವೆ ತುಂಡು ತೊಡಿಸಿ.

ವಿದ್ಯುತ್ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಪಾಂಟೂನ್ ಮೇಲಿನ ನೀಲಿ ಸಾಕೆಟ್ 16 ಆಂಪಿಯರ್, ಅಂದರೆ 3.6 ಕಿಲೋವ್ಯಾಟ್ ಚಿಲ್ಲರೆ. 2 ಕಿಲೋವ್ಯಾಟ್ ಹೀಟರೂ ಕೆಟಲೂ ಒಟ್ಟಿಗೆ ಹಾಕಿದರೆ ಟ್ರಿಪ್ ಆಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಅರ್ಥ್ ತಂತಿ. ಕೇಬಲ್ ಸಿಕ್ಕಿಸಿದ ಕೂಡಲೇ ಆ ಹಸಿರು-ಹಳದಿ ತಂತಿಯ ಮೂಲಕ ನಿಮ್ಮ ಪ್ರೊಪೆಲರ್, ಶಾಫ್ಟ್, ಜಿಂಕ್ ಆನೋಡ್ (ತಾನು ಸವೆದು ಉಳಿದ ಲೋಹವನ್ನು ಕಾಯುವ ತುಂಡು) ಎಲ್ಲವೂ ಅಕ್ಕಪಕ್ಕದ ದೋಣಿಗಳ ಲೋಹದೊಂದಿಗೆ ಜೋಡಣೆಯಾಗುತ್ತವೆ. ಉಪ್ಪುನೀರು ಬ್ಯಾಟರಿಯ ದ್ರಾವಣದಂತೆ ಕೆಲಸ ಮಾಡುತ್ತದೆ. ಪಕ್ಕದವರ ಆನೋಡ್ ಮುಗಿದಿದ್ದರೆ ನಿಮ್ಮ ಆನೋಡ್ ಅವರ ದೋಣಿಯನ್ನೂ ಕಾಪಾಡುತ್ತ ಬೇಗ ಸವೆಯುತ್ತದೆ. ಅದೂ ಮುಗಿದ ಮೇಲೆ ಪ್ರೊಪೆಲರ್‌ಗೇ ಬರುತ್ತದೆ. ಅರ್ಥ್ ತಂತಿಯಲ್ಲಿ ಈ ಸವೆತದ ಪ್ರವಾಹವನ್ನು ತಡೆಯುವ ಗ್ಯಾಲ್ವನಿಕ್ ಐಸೊಲೇಟರ್ ಹಾಕಿಸಿ. ಊರಿಗೆ ಹೋಗುವಾಗ ಕೇಬಲ್ ಕಿತ್ತಿಡುವುದು ಅದಕ್ಕಿಂತ ಅಗ್ಗದ ಪರಿಹಾರ. ಆನೋಡ್ ಅರ್ಧ ಸವೆದಾಗಲೇ ಬದಲಿಸಿ.

ಮಕ್ಕಳಿರುವುದರಿಂದ: ಪಾಂಟೂನ್‌ನಲ್ಲಿ ನೀರಿನಿಂದ ಹತ್ತಿಬರುವ ಏಣಿಗಳು ಎಲ್ಲಿವೆ ಎಂದು ಎಣಿಸಿ, ಮೊದಲ ದಿನವೇ ಅವರಿಗೆ ತೋರಿಸಿ. ಗೇಟಿನಿಂದ ಒಳಗೆ ಕಾಲಿಟ್ಟ ಮೇಲೆ ಲೈಫ್‌ಜಾಕೆಟ್ ತೆಗೆಯುವ ಮಾತಿಲ್ಲ.

ಲೆಕ್ಕದ ಖಾತೆ

ದರದ ವಿಷಯ ಬಾಕಿ ಉಳಿದಿದೆ. ಮೀಟರ್ ದರವನ್ನು ಹೋಲಿಸುವ ಮೊದಲು ಮೀಟರ್ ಎಂದರೆ ಏನು ಎಂದು ಕೇಳಿ. ಮರೀನಾಗಳು ಅಳೆಯುವುದು ತುದಿಯಿಂದ ತುದಿಗೆ. ಮೂತಿಯಿಂದ ಮುಂದಕ್ಕೆ ಚಾಚಿದ ಆಂಕರ್, ಪುಲ್‌ಪಿಟ್ (ಮೂತಿಯ ಕಂಬಿಬೇಲಿ), ಹಿಂದೆ ತೂಗುಹಾಕಿದ ಔಟ್‌ಬೋರ್ಡ್ ಎಂಜಿನ್, ಡಿಂಗಿ (ಜೊತೆಯ ಪುಟ್ಟ ದೋಣಿ) ಎತ್ತುವ ಡೇವಿಟ್, ಎಲ್ಲವೂ ಸೇರುತ್ತದೆ. ಕರಪತ್ರದ 9.75 ಸುಲಭವಾಗಿ 10.2 ಆಗುತ್ತದೆ. ಲೆಕ್ಕದ ಅನುಕೂಲಕ್ಕೆ ಮೀಟರಿಗೆ 700 ಪೌಂಡ್ ಎಂದಿಟ್ಟುಕೊಂಡರೆ 6825 ಇದ್ದದ್ದು 7140 ಆಯಿತು. ಆ 700ರಲ್ಲಿ 20% ವ್ಯಾಟ್ ಸೇರಿಲ್ಲದಿದ್ದರೆ 8568. ಕೆಲವರು ಉದ್ದವನ್ನು ಮೇಲಿನ ಅರ್ಧ ಮೀಟರಿಗೆ ಏರಿಸುತ್ತಾರೆ. 10 ಮೀಟರಿಗೆ ದರದ ಹಂತ ಬದಲಾಗುವ ಮರೀನಾದಲ್ಲಿ ಔಟ್‌ಬೋರ್ಡನ್ನು ಲಾಕರ್‌ಗೆ ಹಾಕಿ, ಆಂಕರನ್ನು ಹಿಂದಕ್ಕೆ ಎಳೆದರೆ ಹಣ ಉಳಿಯಬಹುದು. ಟೇಪ್ ತೆಗೆದುಕೊಂಡು ನೀವೇ ಅಳೆದು ಕಚೇರಿಗೆ ಹೋಗಿ.

ಇಪ್ಸ್‌ವಿಚ್ ಅಗ್ಗ ಎಂಬುದಕ್ಕೆ ಉತ್ತರ ಇಲ್ಲಿದೆ. ಕಾರಿನ ಖರ್ಚು ಮೈಲಿಗೆ 45 ಪೆನ್ಸ್ ಎಂದು ಹಿಡಿಯಿರಿ. ಹ್ಯಾಂಬಲ್‌ಗೆ ಹೋಗಿಬರಲು 100 ಮೈಲು, 45 ಪೌಂಡ್. ಇಪ್ಸ್‌ವಿಚ್‌ಗೆ 240 ಮೈಲು, 108 ಪೌಂಡ್. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೆ ಮೂರರಂತೆ 21 ಸಲ. ಚಳಿಗಾಲದಲ್ಲಿ ಹಗ್ಗ, ಬಿಲ್ಜ್ (ನೀರು ಸೇರುವ ದೋಣಿಯ ಒಳತಳ), ಬ್ಯಾಟರಿ ನೋಡಿಬರಲು, ತಳಕ್ಕೆ ಬಣ್ಣ ಬಳಿಯಲು ಇನ್ನೊಂದು 9 ಸಲ. ಒಟ್ಟು 30. ಒಂದು ಕಡೆ 1350, ಇನ್ನೊಂದು ಕಡೆ 3240. ವ್ಯತ್ಯಾಸ 1890 ಪೌಂಡ್. ಬರ್ತ್‌ನಲ್ಲಿ ಅಷ್ಟು ಉಳಿಯದಿದ್ದರೆ ಇಪ್ಸ್‌ವಿಚ್ ಅಗ್ಗವಲ್ಲ. ಆ ಗಂಟೆಗಳ ಬೆಲೆ ಬೇರೆ. ದೂರದ ದೋಣಿಗೆ 30 ಸಲ ಹೋಗುವುದೂ ಇಲ್ಲ, 12 ಸಲಕ್ಕೆ ಇಳಿಯುತ್ತದೆ. ನೋಡುವವರಿಲ್ಲದ ದೋಣಿಯಲ್ಲಿ ಬಿಲ್ಜ್ ಪಂಪಿನ ಸ್ವಿಚ್ ಕೈಕೊಟ್ಟರೆ ತಿಂಗಳ ಮೇಲೆ ಗೊತ್ತಾಗುತ್ತದೆ.

ಒಪ್ಪಂದದಲ್ಲಿ ನೋಡಬೇಕಾದವು. ಬಂದರು ಸುಂಕ ಸೇರಿದೆಯೇ? ಹ್ಯಾಂಬಲ್, ಚಿಚೆಸ್ಟರ್ ಎರಡು ಕಡೆಯೂ ಬಂದರು ಪ್ರಾಧಿಕಾರದ ಸುಂಕ ಪ್ರತ್ಯೇಕವಾಗಿ ಇದೆ. ವರ್ಷಕ್ಕೆ ಒಂದು ಸಲ ಎತ್ತಿ ತೊಳೆದು ಇಳಿಸುವುದು, ದಡದ ಮೇಲೆ ಕೆಲವು ವಾರ ಇಡುವುದು ದರದಲ್ಲಿದೆಯೇ? ಇದ್ದರೆ ಮಾರ್ಚ್-ಏಪ್ರಿಲ್‌ನ ದಿನಾಂಕವನ್ನು ಚಳಿಗಾಲದಲ್ಲೇ ಕಾಯ್ದಿರಿಸಿ. ಎಲ್ಲರೂ ಈಸ್ಟರ್‌ಗೆ ಮೊದಲೇ ನೀರಿಗಿಳಿಸಲು ಕ್ರೇನ್ ಕೇಳುತ್ತಾರೆ. ಹೊರಗಿನ ಮೆಕ್ಯಾನಿಕ್, ರಿಗ್ಗರ್ ಬರಬಹುದೇ, ಅಥವಾ ಮರೀನಾದವರನ್ನೇ ಕರೆಯಬೇಕೇ? ದೋಣಿಯನ್ನು ವರ್ಷದ ನಡುವೆ ಮಾರಿದರೆ ಉಳಿದ ತಿಂಗಳ ಹಣ ವಾಪಸು ಬರುತ್ತದೆಯೇ? ಬರ್ತ್‌ನಲ್ಲಿದ್ದಾಗಲೇ ಮಾರಿದರೆ ಕಮಿಷನ್ ಕೇಳುವ ಒಪ್ಪಂದಗಳೂ ಉಂಟು. ನಿಮ್ಮನ್ನು ಬೇರೆ ಬರ್ತ್‌ಗೆ ಸ್ಥಳಾಂತರಿಸುವ ಹಕ್ಕು ಸಾಮಾನ್ಯವಾಗಿ ಅವರಿಗೆ ಇರುತ್ತದೆ. ಪದ್ಮಾ ಮೇಡಂ ಹೇಳಿದಂತೆ ಆರಿಸಿಕೊಂಡ ಜಾಗ ಕೈತಪ್ಪದಿರಲು ಎಡಗಡೆ ಫಿಂಗರ್, ಒಳಸಾಲು ಎಂದು ಇ-ಮೇಲ್‌ನಲ್ಲಿ ಬರೆಸಿಕೊಳ್ಳಿ. ವಿಮೆಯಲ್ಲಿ ಮೂರನೆಯವರ ಹಾನಿಗೆ 20 ಅಥವಾ 30 ಲಕ್ಷ ಪೌಂಡ್ ಕೇಳುವುದು ವಾಡಿಕೆ. ಒಂದೇ ಸಮೂಹದ ಬೇರೆ ಮರೀನಾಗಳಲ್ಲಿ ರಾತ್ರಿ ತಂಗಲು ರಿಯಾಯಿತಿ ಇದೆಯೇ ಎಂದೂ ಕೇಳಿ. ಎಂಡಿಎಲ್, ಪ್ರೀಮಿಯರ್ ಎಂಬ ಎರಡು ಮರೀನಾ ಕಂಪನಿಗಳಿಗೂ ಸೊಲೆಂಟ್ ಸುತ್ತ ಹಲವು ಮರೀನಾಗಳಿವೆ. ವಾರಾಂತ್ಯಕ್ಕೆ ಒಂದು ಜಾಗ ಬದಲಾಯಿಸಿದರೆ ಅದೇ ದೊಡ್ಡ ಉಳಿತಾಯ.

ತೆಂಕಗಾಳಿ

ಖಾತೆಯವರು ಹೇಳಿದ್ದಕ್ಕೆ ಒಂದು ಸೇರ್ಪಡೆ. ದರ ಭಾರವೆನಿಸಿದರೆ ಹ್ಯಾಂಬಲ್ ನದಿಯ ನಡುವೆ ದಡಕ್ಕೆ ತಾಗದ ಪಾಂಟೂನ್‌ಗಳಿವೆ. ಅಲ್ಲಿಗೆ ಡಿಂಗಿ ಅಥವಾ ವಾಟರ್ ಟ್ಯಾಕ್ಸಿಯಲ್ಲಿ ಹೋಗಬೇಕು, ಕರೆಂಟ್ ಇಲ್ಲ, ದರ ಗಣನೀಯವಾಗಿ ಕಡಿಮೆ. ಇಬ್ಬರೇ ದೊಡ್ಡವರಾಗಿದ್ದರೆ ಖಂಡಿತ ಅದನ್ನೇ ಹೇಳುತ್ತಿದ್ದೆ. ಶುಕ್ರವಾರ ರಾತ್ರಿ ಒಂಬತ್ತಕ್ಕೆ, ಮಳೆಯಲ್ಲಿ, ನಿದ್ದೆಗಣ್ಣಿನ ಮಕ್ಕಳನ್ನು ಸಣ್ಣ ಡಿಂಗಿಗೆ ಇಳಿಸುವುದು ಅಪಾಯ. ಮಕ್ಕಳು ದೊಡ್ಡವರಾಗುವವರೆಗೆ ದಡಕ್ಕೆ ನಡೆಯುವ ಬರ್ತ್ ಇರಲಿ.

ಅಳಿವೆಬಾಗಿಲು

ಒಪ್ಪುತ್ತೇನೆ. ಗಾಸ್ಪೋರ್ಟ್ ಕಡೆ ವಾಲುವವರಿಗೆ ಒಂದು ನಿಯಮ: ಪೋರ್ಟ್ಸ್‌ಮತ್ ಬಂದರಿನ ಬಾಯಿ ಕಿರಿದು, ಅದರಲ್ಲೇ ಯುದ್ಧನೌಕೆ, ಫೆರಿ ಎಲ್ಲ ಓಡಾಡುತ್ತವೆ. 20 ಮೀಟರ್‌ಗಿಂತ ಚಿಕ್ಕ ದೋಣಿಗಳು ಪಶ್ಚಿಮ ಅಂಚಿನ ಸಣ್ಣದೋಣಿ ಕಾಲುವೆಯಲ್ಲೇ, ಎಂಜಿನ್ ಇದ್ದರೆ ಅದನ್ನು ಓಡಿಸಿಕೊಂಡೇ ಹೋಗಬೇಕು. ಇಳಿತ ಅಲ್ಲಿ ರಭಸವಾಗಿರುತ್ತದೆ. ನಿಮ್ಮ ಎಂಜಿನ್ ಐದು ನಾಟ್ ಕೊಡದಿದ್ದರೆ ದೊಡ್ಡ ಉಬ್ಬರದ ನಡು-ಇಳಿತದಲ್ಲಿ ಒಳಬರಲು ಹೆಣಗಬೇಕಾಗುತ್ತದೆ. ಬಾಯಿಗೆ ಹತ್ತಿರದ ಬರ್ತ್‌ಗಳಲ್ಲಿ ಫೆರಿಗಳ ಅಲೆ ದಿನವಿಡೀ ಕುಲುಕಿಸುತ್ತದೆ. ಹೊರತುದಿಯ ಬದಲು ಒಳಬದಿ ಕೇಳಿ. ಇಷ್ಟು ಬಿಟ್ಟರೆ ಹಾಯಿ ಎತ್ತುವವರೆಗಿನ ಹೊತ್ತು ಅಲ್ಲಿ ಬಹಳ ಕಡಿಮೆ, ಯಾವ ಇಳಿತದಲ್ಲೂ ನಿಮ್ಮ ದೋಣಿಗೆ ನೀರಿರುತ್ತದೆ.

ಹೊಸಹಾಯಿ

ಎಲ್ಲರಿಗೂ ಧನ್ಯವಾದ. ಸ್ವಾನ್‌ವಿಕ್, ಹ್ಯಾಂಬಲ್ ಪಾಯಿಂಟ್, ಹ್ಯಾಸ್ಲರ್ ಈ ಮೂರನ್ನು ಇಟ್ಟುಕೊಂಡಿದ್ದೇನೆ. ಮೂರರಲ್ಲಿ ಒಂದನ್ನು ಆರಿಸಲು ವರ್ಷದ ಒಪ್ಪಂದಕ್ಕೆ ಸಹಿ ಹಾಕದೆ ಪರೀಕ್ಷಿಸುವ ದಾರಿ ಇದೆಯೇ?

ಪಾಂಟೂನ್ ಪದ್ಮಾ

ಇದೆ. ಮಾರ್ಚ್‌ನಲ್ಲಿ ದೋಣಿ ಬಂದ ಮೇಲೆ ಮೂರು ವಾರಾಂತ್ಯ ಮೂರೂ ಕಡೆ ಅತಿಥಿ ಬರ್ತ್ ತೆಗೆದುಕೊಳ್ಳಿ. ಒಂದೊಂದು ಕಡೆಗೂ ಶುಕ್ರವಾರ ಸಂಜೆ ಐದೂವರೆಗೆ ರೆಡಿಂಗ್ ಬಿಟ್ಟು ಹೋಗಿ. ಶನಿವಾರ ಬೆಳಗಿನ ಖಾಲಿ ರಸ್ತೆಯ ಲೆಕ್ಕ ಉಪಯೋಗಕ್ಕೆ ಬಾರದು. ಕಾರು ನಿಲ್ಲಿಸಿದ ಹೊತ್ತು, ದೋಣಿಯ ಮೇಲೆ ಕಾಲಿಟ್ಟ ಹೊತ್ತು, ಮರುದಿನ ಹಗ್ಗ ಬಿಚ್ಚಿ ಹಾಯಿ ಎತ್ತಿದ ಹೊತ್ತು ಬರೆದುಕೊಳ್ಳಿ. ಸ್ವಾನ್‌ವಿಕ್‌ನಲ್ಲಿ ಇನ್ನೊಂದು ಕೆಲಸ ಮಾಡಿ: ರೈಲಿನಲ್ಲಿ ಒಮ್ಮೆ ಬನ್ನಿ. ರೆಡಿಂಗ್‌ನಿಂದ ಸೌತ್‌ಹ್ಯಾಂಪ್ಟನ್ ಸೆಂಟ್ರಲ್‌ಗೆ ನೇರ ರೈಲಿದೆ, ಅಲ್ಲಿ ಬದಲಾಯಿಸಿ ಬರ್ಸಲ್ಡನ್‌ನಲ್ಲಿ ಇಳಿದರೆ ಸೇತುವೆ ದಾಟಿ ಮರೀನಾಕ್ಕೆ ನಡೆಯಬಹುದು.

ರಾತ್ರಿ ಹತ್ತಕ್ಕೆ ಪಾಂಟೂನ್ ಮೇಲೆ ಒಂದು ಸುತ್ತು ಹಾಕಿ. ದೀಪ ಎಲ್ಲೆಲ್ಲಿ ಕೆಟ್ಟಿದೆ, ಶೌಚಾಲಯ ಎಷ್ಟು ಹೆಜ್ಜೆ, ಗಾಳಿಗೆ ಹಗ್ಗಗಳು ಮಾಸ್ಟಿಗೆ ಬಡಿಯುವ ಸದ್ದು ಎಷ್ಟು ಎಂಬುದು ಆಗಲೇ ಗೊತ್ತಾಗುವುದು. ಪಕ್ಕದ ದೋಣಿಯವರನ್ನು ಎರಡೇ ಪ್ರಶ್ನೆ ಕೇಳಿ: ಹೂಳೆತ್ತಿ ಎಷ್ಟು ವರ್ಷವಾಯಿತು, ಹಿಂದಿನ ಎರಡು ವರ್ಷ ದರ ಎಷ್ಟೆಷ್ಟು ಏರಿತು. ಮುಂದಿನ ಅಕ್ಟೋಬರ್‌ವರೆಗೂ ನಿರ್ಧಾರ ಆಗದಿದ್ದರೆ ಇಷ್ಟವಾದ ಕಡೆ ಆರು ತಿಂಗಳ ಚಳಿಗಾಲದ ಬರ್ತ್ ಹಿಡಿಯಿರಿ. ನೈಋತ್ಯದ ಬಿರುಗಾಳಿಗಳು ಬರುವುದು ಆ ತಿಂಗಳುಗಳಲ್ಲೇ, ಆ ಬರ್ತ್ ಎಷ್ಟು ಆಸರೆ ಕೊಡುತ್ತದೆ ಎಂಬುದು ಆಗ ಕಣ್ಣಾರೆ ಕಾಣುತ್ತದೆ.